ನಿಕ್ಷೇಪವೋ, ಋಣವೋ?

ಮನುಸ್ಮೃತಿಯು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ಮೊದಲನೆಯದು ಋಣಾದಾನ, ಎರಡನೆಯದು ನಿಕ್ಷೇಪ. ನಂಬಿದವನಲ್ಲಿ ಒಡವೆಯನ್ನಿಟ್ಟರೆ ಅದು ನಿಕ್ಷೇಪ. ಇಟ್ಟ ವಸ್ತುವೇ ಹಿಂದಿರುಗಬೇಕು, ನಡುವೆ ಅದನ್ನು ಬಳಸಕೂಡದು. ಸಾಲವಾದರೋ ಹಾಗಲ್ಲ. ಕೊಂಡವನು ಆ ಹಣವನ್ನು ಇಷ್ಟಬಂದಂತೆ ತೊಡಗಿಸಬಹುದು. ವಾಯಿದೆಗೆ ಸರಿಯಾಗಿ ಅಸಲನ್ನೂ ಬಡ್ಡಿಯನ್ನೂ ತೀರಿಸಿದರೆ ಸಾಕು.

ಹಾಗಾದರೆ ಬ್ಯಾಂಕಿನಲ್ಲಿಟ್ಟ ಹಣವು ಯಾವುದು? ಪಾಸುಪುಸ್ತಕವನ್ನು ದೇವರ ಗೂಡಿನಲ್ಲಿ ಕಾಪಾಡುವ ವೃದ್ಧೆಯು, ತನ್ನ ರೂಪಾಯಿಗಳು ಕಬ್ಬಿಣದ ಪೆಟ್ಟಿಗೆಯಲ್ಲಿ ತನಗಾಗಿಯೇ ಕಾದಿವೆಯೆಂದು ನಂಬಿರುತ್ತಾಳೆ. ಠೇವಣಿಯೆಂಬ ಹೆಸರೂ ಆ ನಂಬಿಕೆಯನ್ನೇ ಬೆಳೆಸುತ್ತದೆ. ನ್ಯಾಯಶಾಸನದ ದೃಷ್ಟಿಯಲ್ಲಾದರೋ ಅದು ಋಣವೇ. ಆ ವೃದ್ಧೆಯೇ ಸಾಹುಕಾರಳು, ಬ್ಯಾಂಕೇ ಸಾಲಗಾರ!

ಇದರಲ್ಲಿ ದೋಷವೇನೂ ಇಲ್ಲ, ಲೋಕೋಪಕಾರವೇ ಉಂಟು. ಸಂಕಷ್ಟದಲ್ಲಿದ್ದ ಕೈಮಗ್ಗದವರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆಯೊಂದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟನ್ನೂ ಸಂಗ್ರಹಿಸಿತು. ಮಡಕೆಯಲ್ಲಿ ಬಿದ್ದಿದ್ದರೆ ಎರಡಾಣೆಯು ಎರಡಾಣೆಯಾಗಿಯೇ ಉಳಿಯುತ್ತಿತ್ತು. ಹಲವರದು ಒಂದುಗೂಡಿದಾಗ ಅದು ಮತ್ತೊಬ್ಬರ ಕಸುಬಿಗೆ ಬಂಡವಾಳವಾಗುತ್ತದೆ.

ಆದರೆ ಹಣವು ಹೊರಗೆ ದುಡಿಯುತ್ತಿರುವುದರಿಂದಲೇ ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಯಾವ ಬ್ಯಾಂಕೂ ಕೊಡಲಾರದು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಚ್ಚಿಹೋದಾಗ ದೇಶವು ಎಚ್ಚೆತ್ತಿತು. 1962ರ ಜನವರಿ 1ರಿಂದ ಠೇವಣಿ ವಿಮೆಯು ಜಾರಿಗೆ ಬಂದಿತು. ಮೊದಲು ಅದರ ಮಿತಿ 1,500 ರೂಪಾಯಿ. 2020ರ ಫೆಬ್ರವರಿಯಲ್ಲಿ ಅದು, ಒಬ್ಬ ಠೇವಣಿದಾರನಿಗೆ ಒಂದೊಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ, 5 ಲಕ್ಷಕ್ಕೇರಿತು. ವಿಮೆಯ ಕಂತನ್ನು ತೆರುವುದು ಬ್ಯಾಂಕು, ಠೇವಣಿದಾರನಲ್ಲ.

ಈ ರಕ್ಷೆಯು ವಾಣಿಜ್ಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಉಂಟು. ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ನಾಮಫಲಕವೂ ಪಾಸುಪುಸ್ತಕವೂ ಒಂದೇ ತೆರನಾಗಿ ಕಾಣುವುದರಿಂದ ಸಾಮಾನ್ಯರಿಗೆ ಈ ಭೇದವು ತಿಳಿಯದು. ಒಂದು ಬಡ್ಡಿ ಹೆಚ್ಚೆಂಬ ಆಸೆಯಿಂದ, ಗಂಡನ ನಿವೃತ್ತಿಯ ಹಣವನ್ನೆಲ್ಲ ಅಂತಹ ಸಂಘದಲ್ಲಿಟ್ಟು, ಬಾಗಿಲಿಗೆ ಬೀಗ ಬಿದ್ದ ದಿನ ಮೆಟ್ಟಿಲ ಮೇಲೆ ಕುಳಿತ ವಿಧವೆಯ ದುಃಖಕ್ಕೆ ಯಾವ ಸಮಾಧಾನವುಂಟು?

ಅಪರಿಚಿತನು ಸಾಲ ಕೇಳಿದರೆ ಅವನ ಕುಲ, ಕಸುಬು, ಜಾಮೀನುಗಳನ್ನೆಲ್ಲ ವಿಚಾರಿಸುವ ಗೃಹಸ್ಥರು, ತಾವೇ ಸಾಲ ಕೊಡಲು ಹೋದಾಗ ಮಾತ್ರ ಮೌನವಾಗಿ ಹಣವನ್ನೆಣಿಸಿ ಬರುತ್ತಾರೆ. ಕಟಕಟೆಯ ಮುಂದೆ ನಿಂತವನು ತಾನು ಸಾಹುಕಾರನೆಂಬುದನ್ನು ಮರೆಯಬಾರದು. ಸಾಹುಕಾರನಿಗೆ ಪ್ರಶ್ನಿಸುವ ಅಧಿಕಾರವುಂಟು. ಅದೇ ಅವನ ಕರ್ತವ್ಯವೂ ಹೌದು.