ಹಲಸಂಗಿಯಲ್ಲಿ ಒಂದು ಹಗಲು

ಐಷಾರಾಮಿ ಹಡಗುಗಳಲ್ಲಿ ಲೋಕ ಸುತ್ತುವವರಿಗೆ ಒಂದೊಂದು ಬಂದರಿನಲ್ಲಿ ಸಿಗುವುದು ಒಂದೇ ಹಗಲು. ಮೆಕ್ಸಿಕೊದ ಕೊಜುಮೆಲ್ ದ್ವೀಪದಲ್ಲಿ ಬೆಳಿಗ್ಗೆ ಇಳಿದವರು ಮೆಕ್ಕೆಜೋಳದ ರೊಟ್ಟಿ ತಿಂದು, ಹಾಡು ಕುಣಿತ ನೋಡಿ, ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ಒಂದು ಹಗಲಿನಲ್ಲಿ ಒಂದು ನಾಡು ಅರ್ಥವಾಗುತ್ತದೆಯೇ? ಪೂರ್ತಿಯಾಗಿ ಆಗದು. ಆದರೆ ಅಲ್ಲಿಯ ಒಲೆಯ ಮುಂದೆ ಸ್ವಲ್ಪ ಹೊತ್ತು ಕುಳಿತರೆ ಎಷ್ಟೋ ತಿಳಿಯುತ್ತದೆ. ವಿಜಯಪುರ ಜಿಲ್ಲೆಗೆ ಹೋದಾಗ ನಮ್ಮ ಕೈಯಲ್ಲಿಯೂ ಹೀಗೆ ಒಂದು ಹಗಲು ಉಳಿದಿತ್ತು. ಗೋಲಗುಂಬಜ್, ಇಬ್ರಾಹೀಂ ರೋಜಾಗಳನ್ನು ಹಿಂದಿನ ದಿನವೇ ನೋಡಿ ಮುಗಿಸಿದ್ದೆವು. ಉಳಿದ ಆ ಹಗಲನ್ನು ಹಲಸಂಗಿಗೆ ಮೀಸಲಿಟ್ಟೆವು.

ವಿಜಯಪುರದಿಂದ ಸೊಲ್ಲಾಪುರದ ರಸ್ತೆ ಹಿಡಿದು ಮುಂದೆ ಚಡಚಣದ ಕಡೆಗೆ ಸಾಗಬೇಕು. ಹಿಂದೆ ಈ ಊರು ಇಂಡಿ ತಾಲೂಕಿನಲ್ಲಿತ್ತು, ಈಗ ಚಡಚಣ ತಾಲೂಕಿಗೆ ಸೇರಿದೆ. ಕರಾವಳಿಯ ಹಸಿರಿನಲ್ಲಿ ಬೆಳೆದ ಕಣ್ಣಿಗೆ ಈ ಬಯಲು ಮೊದಲು ಬರಿದಾಗಿ ಕಾಣುತ್ತದೆ. ಸ್ವಲ್ಪ ದೂರ ಹೋದ ಮೇಲೆ ಅದರ ಚೆಲುವು ಗೊತ್ತಾಗುತ್ತದೆ. ಕಪ್ಪು ಎರೆಮಣ್ಣು, ತೆನೆ ಹೊತ್ತ ಬಿಳಿಜೋಳ, ನಡುನಡುವೆ ನಿಂಬೆ, ದ್ರಾಕ್ಷಿ, ದಾಳಿಂಬೆಯ ತೋಟಗಳು. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ‘ಡೋಣಿ ಹರಿದರೆ ಓಣಿಯೆಲ್ಲಾ ಜೋಳ’ ಎಂಬುದು ಈ ಜಿಲ್ಲೆಯ ಗಾದೆ. ಮಳೆ ಕಡಿಮೆಯಾದರೂ ಎರೆಮಣ್ಣು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ತೇವದಲ್ಲೇ ಹಿಂಗಾರಿಯ ಜೋಳ ಬೆಳೆಯುತ್ತದೆ.

ಪರಿಚಯದವರೊಬ್ಬರ ಮನೆಯಲ್ಲಿ ನಮಗೆ ಊಟದ ಏರ್ಪಾಡಾಗಿತ್ತು. ನಾವು ಅಂಗಳಕ್ಕೆ ಕಾಲಿಡುವಾಗಲೇ ಒಳಗಿನಿಂದ ತಪತಪ ಸದ್ದು ಕೇಳುತ್ತಿತ್ತು. ರೊಟ್ಟಿ ಬಡಿಯುವ ಸದ್ದು ಅದು. ಮನೆಯ ಸೊಸೆ ಕುದಿಯುವ ನೀರನ್ನು ಹಿಟ್ಟಿಗೆ ಸುರಿದು, ಬಿಸಿ ಇರುವಾಗಲೇ ನಾದುತ್ತಿದ್ದಳು. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಬಿಸಿನೀರು ಬೀಳದಿದ್ದರೆ ಹಿಟ್ಟು ಹರಿದು ಹೋಗುತ್ತದೆ. ಪತ್ತಿರಿ ಮಾಡುವಾಗ ನಾವು ಅಕ್ಕಿಹಿಟ್ಟನ್ನು ಬಿಸಿನೀರಿನಲ್ಲಿ ಕಲಸುವುದೂ ಇದೇ ಕಾರಣಕ್ಕೆ. ಮೆಕ್ಸಿಕೊದ ಹೆಂಗಸರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು ರೊಟ್ಟಿ ತಟ್ಟುತ್ತಾರಂತೆ. ಸಮುದ್ರಗಳಾಚೆಯ ಅಡುಗೆಮನೆಗಳೂ ಒಂದೇ ತೊಡಕಿಗೆ ತಮ್ಮ ತಮ್ಮ ದಾರಿ ಹುಡುಕಿಕೊಂಡಿವೆ.

ತಾಟಿನಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ‘ಇನ್ನೊಂದು ರೊಟ್ಟಿ ತಗೋರಿ ಅಕ್ಕಾರ, ಇದೇನು ಊಟಾರಿ?’ ಎಂದು ಸೊಸೆ ಬಡಿಸುತ್ತಲೇ ಇದ್ದಳು. ಚಳಿಗಾಲದಲ್ಲಿ ಬಂದಿದ್ದರೆ ಹೊಲದಲ್ಲೇ ಎಳೆ ತೆನೆ ಸುಟ್ಟು ಸೀತನಿ ತಿನ್ನಿಸುತ್ತಿದ್ದೆವು ಎಂದೂ ಹೇಳಿದಳು.

ಆ ತಾಟಿನಲ್ಲಿ ಒಂದು ಸ್ವಾರಸ್ಯವಿದೆ. ಜೋಳ, ಬದನೆ, ಮೊಸರು ನಮ್ಮಲ್ಲಿ ಬಹಳ ಹಳೆಯವು. ಆದರೆ ಹಿಂಡಿಯ ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿಯ ತವರು ಮೆಕ್ಸಿಕೊದ ಕಡೆ. ಗೋವೆ ಮೊದಲು ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. 1510ರಲ್ಲಿ ಪೋರ್ಚುಗೀಸರು ಅದನ್ನು ಕಿತ್ತುಕೊಂಡರು. ಮೆಣಸಿನಕಾಯಿ ಅವರ ಹಡಗುಗಳಲ್ಲಿಯೇ ಈ ದೇಶಕ್ಕೆ ಬಂದಿಳಿಯಿತು. ಯುದ್ಧ ಮಾಡಿದವರು ಅಳಿದುಹೋದರು, ಹಡಗಿನಿಂದಿಳಿದ ಕಾಯಿ ಮಾತ್ರ ಅಡುಗೆಮನೆಯಲ್ಲಿ ಉಳಿಯಿತು. ಇಂದು ಖಾರವಿಲ್ಲದ ಉತ್ತರ ಕರ್ನಾಟಕದ ಊಟವನ್ನು ಊಹಿಸಲೂ ಆಗದು.

ಊಟಕ್ಕಿಂತಲೂ ದೊಡ್ಡದೊಂದು ಕಾರಣಕ್ಕಾಗಿ ಹಲಸಂಗಿಯ ಹೆಸರು ಕನ್ನಡ ನಾಡಿಗೆಲ್ಲ ಗೊತ್ತು. ಸುಮಾರು ನೂರು ವರ್ಷಗಳ ಹಿಂದೆ ಇಲ್ಲಿ ಕೆಲವು ತರುಣರು ಒಟ್ಟುಗೂಡಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮತ್ತು ಪಿ. ಧೂಲಾಸಾಹೇಬ. ಇವರನ್ನೇ ‘ಹಲಸಂಗಿ ಗೆಳೆಯರು’ ಎಂದು ಕರೆಯುತ್ತಾರೆ. ದೊಡ್ಡ ಪಟ್ಟಣವಲ್ಲ, ಕಾಲೇಜು ಇಲ್ಲ, ಅಚ್ಚಿನ ಮನೆ ಇಲ್ಲ. ಆದರೂ ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳು ಸಾಹಿತ್ಯವೇ ಎಂದು ಇವರು ಗುರುತಿಸಿದರು. ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಹೊರಬಂತು. ಮುಂದೆ 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಪ್ರಕಟವಾದವು. ಓದು ಬರಹ ಬಾರದ ಹೆಂಗಸರ ಮಾತಿಗೆ ಪಂಡಿತರು ತಲೆದೂಗಿದರು.

ಈ ಗೆಳೆಯರ ಸಾಲಿನಲ್ಲಿ ಧೂಲಾಸಾಹೇಬರ ಹೆಸರಿದೆ ಎಂಬುದನ್ನು ನಮ್ಮ ಮನೆಗಳ ಮಕ್ಕಳು ತಿಳಿದುಕೊಳ್ಳಬೇಕು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಸೀಮೆಯಲ್ಲಿ ಮೊಹರಮ್ ಬಂದರೆ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಕನ್ನಡ ಒಬ್ಬರ ಮನೆಯ ಸ್ವತ್ತು, ಇನ್ನೊಬ್ಬರಿಗೆ ಎರವಲು ಎಂಬ ಭಾವನೆ ಇಲ್ಲಿ ಬೆಳೆದಿದ್ದರೆ ಅಂಥ ಗೆಳೆತನ ಹುಟ್ಟುತ್ತಲೇ ಇರಲಿಲ್ಲ.

ಊಟದ ಬಳಿಕ ಮನೆಯ ಅಜ್ಜಿಯನ್ನು ಮಾತಿಗೆಳೆದೆ. ಎಂಬತ್ತರ ಹತ್ತಿರದ ವಯಸ್ಸು. ಹಿತ್ತಿಲ ಮೂಲೆಯಲ್ಲಿ ಬೀಸುವ ಕಲ್ಲು ಬಿದ್ದಿತ್ತು. ‘ಈಗ ಹಾಡ್ತೀರೇನಜ್ಜಿ?’ ಎಂದು ಕೇಳಿದೆ. ಅವರು ನಕ್ಕರು. ‘ಗಿರಣಿ ಬಂತವ್ವಾ, ರಟ್ಟಿಗಿ ಸುಖ ಆತು. ಬಾಯಿ ಸುಮ್ಮನಾತು.’

ಆ ಮಾತಿನಲ್ಲಿ ದೂರಿರಲಿಲ್ಲ. ನಸುಕಿನಲ್ಲೆದ್ದು ಇಡೀ ಮನೆಗೆ ಹಿಟ್ಟು ಬೀಸುವ ಕಷ್ಟ ಮತ್ತೆ ಬರಲಿ ಎಂದು ಯಾವ ಹೆಣ್ಣೂ ಬಯಸಲಾರಳು. ಆದರೆ ತವರಿನ ನೆನಪು, ಅತ್ತೆಯ ಕಾಟ, ಮಗುವಿನ ನಗು ಎಲ್ಲವನ್ನೂ ಹೆಣ್ಣು ಹೇಳಿಕೊಳ್ಳುತ್ತಿದ್ದುದು ಆ ಕಲ್ಲಿನ ಮುಂದೆಯೇ. ಕಲ್ಲು ನಿಂತಾಗ ಹಾಡೂ ನಿಂತಿತು. ಸಂಗ್ರಹಗಳಲ್ಲಿ ಹಾಡುಗಳು ಉಳಿದವು. ಮೊದಲು ಕಟ್ಟಿದವಳು ಯಾರು ಎಂಬುದು ಮಾತ್ರ ಯಾರಿಗೂ ತಿಳಿಯದು. ಅವಳು ತಾಯಿಯಿಂದ ಕೇಳಿದ್ದನ್ನು ಮಗಳಿಗೆ ದಾಟಿಸಿ ಹೋಗಿಬಿಟ್ಟಳು.

ಹಾಡು ನಿಂತರೂ ರೊಟ್ಟಿ ನಿಂತಿಲ್ಲ ಎಂಬುದು ಸಮಾಧಾನದ ಸಂಗತಿ. ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಹೆಂಗಸರು ಕಟಕು ರೊಟ್ಟಿ ಮಾಡಿ ಮಾರಿ ಸಂಸಾರ ನಡೆಸುತ್ತಿದ್ದಾರೆ. ಒಣಗಿದ ಈ ರೊಟ್ಟಿ ಬಹಳ ದಿನ ಕೆಡುವುದಿಲ್ಲ, ದೂರದ ಊರುಗಳಿಗೂ ಹೋಗುತ್ತದೆ. ಅಮ್ಮನಿಂದ ಕಲಿತ ಕೈಕೆಲಸವೇ ಅವರ ಬಂಡವಾಳ.

ಸಂಜೆ ಮರಳುವ ಮೊದಲು ಚಡಚಣದ ಪೇಟೆಗೂ ಹೋಗಿ ಬಂದೆವು. ಮದುವೆ ಜವಳಿಗೆ ಹೆಸರಾದ ಊರದು. ಗಡಿ ಹತ್ತಿರವಾದ್ದರಿಂದ ಅಂಗಡಿಗಳಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಕಿವಿಗೆ ಬೀಳುತ್ತವೆ.

ಸಹೋದರಿಯರೇ, ರಜೆಯಲ್ಲಿ ವಿಜಯಪುರಕ್ಕೆ ಹೋಗುವವರು ಗುಂಬಜ್ ನೋಡಿ ಅಂದೇ ಬಸ್ಸು ಹತ್ತಬೇಡಿ. ಒಂದು ಹಗಲನ್ನು ಹಳ್ಳಿಗೆ ಕೊಡಿ. ಅದಕ್ಕೂ ಮೊದಲು ನಿಮ್ಮ ಮನೆಯ ಅಜ್ಜಿಯ ಪಕ್ಕದಲ್ಲಿ ಒಂದು ಸಂಜೆ ಕುಳಿತುಕೊಳ್ಳಿ. ಜೋಗುಳವಿರಲಿ, ಮದುವೆ ಹಾಡಿರಲಿ, ಬ್ಯಾರಿಯಾಗಲಿ, ದಖನಿಯಾಗಲಿ, ನವಾಯತಿಯಾಗಲಿ, ಅವರಿಗೆ ನೆನಪಿರುವುದನ್ನು ಬರೆದುಕೊಳ್ಳಿ ಇಲ್ಲವೇ ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ಹಲಸಂಗಿಯ ಗೆಳೆಯರ ಬಳಿ ಕಾಗದ, ಲೇಖನಿಗಳಷ್ಟೇ ಇದ್ದವು. ಪುಟದ ಮೇಲ್ಭಾಗದಲ್ಲಿ ಹಾಡಿದವರ ಹೆಸರನ್ನು ಬರೆಯಲು ಮರೆಯಬೇಡಿ.