ಸಂಕ ದಾಟಿ ಮೂಡಕ್ಕೆ

ಆಟಿ ತಿಂಗಳ ಮಳೆ ಆಗಷ್ಟೇ ನಿಂತಿತ್ತು. ಮೂಡಬಿದಿರೆಯಿಂದ ಒಳಗೆ, ಬಸ್ಸು ತಿರುಗಿಸಿಕೊಂಡು ವಾಪಸು ಹೊರಡುವ ಜಾಗದಲ್ಲಿ ಇಳಿದು ನಿಂತಿದ್ದೆ. ಕೃಷಿ ಸಾಲ ತೆಗೆದುಕೊಂಡವರ ತೋಟ ನೋಡಿ ವರದಿ ಬರೆಯುವುದು ಆಗ ನನ್ನ ಕೆಲಸ. ಕೈಯಲ್ಲಿದ್ದ ಚೀಟಿಯಲ್ಲಿ ಒಂದು ಹೆಸರು, ಒಂದು ಮನೆತನದ ಹೆಸರು, ಅಷ್ಟೇ. ತಲೆಯ ಮೇಲೆ ಮುಟ್ಟಾಳೆ, ಅದರ ಮೇಲೆ ಸೊಪ್ಪಿನ ಹೊರೆ ಹೊತ್ತ ಹೆಂಗಸೊಬ್ಬರು ಎದುರಾದರು. ಕೇಳಿದೆ.

"ಹೀಗೇ ತೆಂಕು ಬದಿಗೆ ಹೋಗಿ. ಒಂದು ತೋಡು ಸಿಗ್ತದೆ. ಸಂಕ ದಾಟಿ ಮೂಡಕ್ಕೆ ತಿರುಗಿ. ಒಂದು ಅಶ್ವತ್ಥಕಟ್ಟೆ ಉಂಟು. ಕಟ್ಟೆಯ ಬಡಗು ಬದಿಯ ಮನೆಯೇ ಅವರದ್ದು."

ಆಕಾಶದ ತುಂಬ ಮೋಡ. ಸೂರ್ಯ ಎಲ್ಲಿದ್ದಾನೆ ಎಂಬ ಸುಳಿವೂ ಇಲ್ಲ. "ತೆಂಕು ಅಂದರೆ ಯಾವ ಕಡೆ ಅಕ್ಕಾ?" ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆ ನೋಟದಲ್ಲಿ ತಾತ್ಸಾರ ಇರಲಿಲ್ಲ, ಜಾತ್ರೆಯಲ್ಲಿ ಕೈ ತಪ್ಪಿದ ಮಗುವನ್ನು ಕಂಡಾಗ ಆಗುವ ಕಳವಳ ಇತ್ತು. ಹೊರೆ ಇಳಿಸದೆ, ಕೈ ಎತ್ತದೆ, ಇಡೀ ಮೈಯನ್ನೇ ನಿಧಾನವಾಗಿ ತಿರುಗಿಸಿ ನಿಂತು, "ಈಗ ನಾನು ನೋಡ್ತಾ ಇದ್ದೇನಲ್ಲ, ಅದು ತೆಂಕು. ನೀವೂ ಹೀಗೇ ನಿಲ್ಲಿ" ಅಂದರು. ಅವರ ಪಕ್ಕದಲ್ಲಿ ಅವರಂತೆಯೇ ನಿಂತೆ. "ಈಗ ನಿಮ್ಮ ಎಡಗೈ ಮೂಡಕ್ಕೆ ಉಂಟು. ಸಂಕ ದಾಟಿದ ಮೇಲೆ ಆ ಕೈ ಮರೀಬೇಡಿ." ಅವರು ಹೋದರು. ಸೊಪ್ಪಿನಿಂದ ತೊಟ್ಟಿಕ್ಕಿದ ನೀರಿನ ಗೆರೆ ಅವರು ಹೋದ ದಾರಿಯುದ್ದಕ್ಕೂ ಕೆಂಪು ಮಣ್ಣಿನ ಮೇಲೆ ಉಳಿದಿತ್ತು.

ನಾನು ಶಿರಾ ಕಡೆಯವನು. ನಮ್ಮಲ್ಲಿ ದಾರಿ ಹೇಳುವ ಬಗೆಯೇ ಬೇರೆ. ಬಯಲಿನಲ್ಲಿ ಕಣ್ಣು ಹರಿಯುವಷ್ಟು ದೂರ ಎಲ್ಲವೂ ಕಾಣುತ್ತದೆ; ಆದ್ದರಿಂದ ನಮ್ಮವರು ಕಾಣುವುದನ್ನೇ ತೋರಿಸುತ್ತಾರೆ. "ಅಗೋ ಆ ಒಂಟಿ ಹುಣಸೆಮರ ಕಾಣ್ತದಲ್ಲ, ಅದರ ಮಗ್ಗುಲಾಗೇ ಹೋಗು." ದೂರವನ್ನು ಹೊತ್ತಿನಲ್ಲಿ, ಉಸಿರಿನಲ್ಲಿ ಅಳೆಯುತ್ತಾರೆ: ಒಂದು ಬೀಡಿ ಸೇದೋ ಹೊತ್ತು, ಎಲೆ ಅಡಿಕೆ ಹಾಕ್ಕೊಂಡು ಉಗಿಯೋ ಹೊತ್ತು, ಒಂದು ಕೂಗಳತೆ. ಕೂಗಳತೆ ಎಂಬ ಮಾತು ನನಗೆ ಈಗಲೂ ತುಂಬ ಇಷ್ಟ. ನಾನು ಇಲ್ಲಿಂದ ಕೂಗಿದರೆ ಅಲ್ಲಿರುವವರಿಗೆ ಕೇಳಿಸುತ್ತದೆ, ಹೆದರಬೇಡ ಎಂಬ ಭರವಸೆಯೂ ಆ ಅಳತೆಯೊಳಗೇ ಇದೆ. ಮೀಟರಿನಲ್ಲಿ ಅದು ಇಲ್ಲ. ನಮ್ಮಜ್ಜಿ ಬಲಗಡೆಗೆ "ಉಣ್ಣೋ ಕೈ ಕಡೆ" ಅನ್ನುತ್ತಿದ್ದಳು. ಓದು ಬರಹ ಇಲ್ಲದವನಿಗೂ, ನಾಲ್ಕು ವರ್ಷದ ಮಗುವಿಗೂ ತಪ್ಪಲಾರದ ಗುರುತು ಅದು.

ಎಡ ಬಲಗಳು ಹೇಳುವವನ ಮೈಗೆ ಅಂಟಿಕೊಂಡಿರುತ್ತವೆ. ಅವನು ತಿರುಗಿದರೆ ಅವೂ ತಿರುಗುತ್ತವೆ. ಮೂಡು ಪಡುಗಳು ಹಾಗಲ್ಲ, ನೆಲಕ್ಕೆ ಅಂಟಿಕೊಂಡಿರುತ್ತವೆ. ಕರಾವಳಿಯಲ್ಲಿ ಎರಡು ವರ್ಷ ಇದ್ದಾಗ ಇದು ಮೆಲ್ಲಗೆ ಅರ್ಥವಾಯಿತು. ತುಳುವಿನಲ್ಲಿ ಮೂಡಾಯಿ, ಪಡ್ಡಾಯಿ, ಬಡಕಾಯಿ, ತೆನ್ಕಾಯಿ. ಇವು ದಾರಿಗೆ ಮಾತ್ರ ಮೀಸಲಾದ ಮಾತುಗಳಲ್ಲ. ಬೆಂಚಿನ ಮೇಲೆ ಕೂತವರಿಗೆ "ಸ್ವಲ್ಪ ಪಡು ಬದಿಗೆ ಸರೀರಿ" ಅನ್ನುತ್ತಾರೆ. ಉಪ್ಪಿನ ಭರಣಿ ಎಲ್ಲಿ ಎಂದರೆ "ಬಡಗು ಬದಿಯ ಕಪಾಟಿನಲ್ಲಿ". ಯಕ್ಷಗಾನದ ತಿಟ್ಟುಗಳೂ ತೆಂಕು, ಬಡಗು. ಊರುಗಳ ಹೆಸರಂತೂ ಒಂದು ದಿಕ್ಸೂಚಿಯ ಹಾಗೆ ಜಿಲ್ಲೆಯ ತುಂಬ ಹರಡಿವೆ: ಮೂಡುಪೆರಾರ, ಪಡುಪೆರಾರ, ತೆಂಕ ಎಕ್ಕಾರು, ಬಡಗ ಎಕ್ಕಾರು, ತೆಂಕ ಮಿಜಾರು, ಬಡಗ ಮಿಜಾರು. ಮೂಡಣ ಬಿದಿರಿನ ಊರು ಮೂಡಬಿದಿರೆ, ಪಡುವಣ ಬಿದಿರಿನ ಊರು ಪಡುಬಿದ್ರಿ. ಬಸ್ಸಿನ ಬೋರ್ಡು ಓದಿದರೇ ಅರ್ಧ ದಾರಿ ತಿಳಿಯುತ್ತದೆ.

ಪೂರ್ವ, ಪಶ್ಚಿಮ ಎಂದು ಶಾಲೆಯಲ್ಲಿ ಉರು ಹೊಡೆದ ನಮಗೆ ಅವು ಬರಿಯ ಹೆಸರುಗಳು. ಮೂಡು, ಪಡು ಎಂಬವು ಮೊದಲು ಕ್ರಿಯೆಗಳು. ಮೂಡುವ ಕಡೆ ಮೂಡು, ಸೂರ್ಯ ಇಳಿದು ಬೀಳುವ ಕಡೆ ಪಡು. ನಮ್ಮ ಶಿರಾ ಕಡೆಯ ಮುದುಕರ ಬಾಯಲ್ಲೂ ಮೂಡ್ಲು, ಪಡುವ್ಲು ಇದ್ದವು, ಆದರೆ ಹೊಲದ ಬದುವಿನ ತಂಟೆ ಬಂದಾಗ, ಕ್ರಯಪತ್ರದ ಚಕ್ಕುಬಂದಿ ಬರೆಸುವಾಗ ಮಾತ್ರ. ಹಳೆಯ ದಾನಶಾಸನಗಳಲ್ಲೂ ಭೂಮಿಯ ಎಲ್ಲೆ ಹೇಳುವಾಗ ಹೀಗೆಯೇ ದಿಕ್ಕು ಹಿಡಿದು ಸುತ್ತು ಬರುತ್ತಾರೆ: ಈ ದಿಕ್ಕಿಗೆ ಕೆರೆ, ಆ ದಿಕ್ಕಿಗೆ ನೆಟ್ಟ ಕಲ್ಲು, ಇನ್ನೊಂದಕ್ಕೆ ಮರ. ಕೆರೆ ಬತ್ತಿರಬಹುದು, ಮರ ಬಿದ್ದಿರಬಹುದು, ಕಲ್ಲಿನ ಮೇಲೆ ಅವು ಇನ್ನೂ ದಾರಿ ತೋರಿಸುತ್ತಲೇ ಇವೆ.

ಇಲ್ಲದ ಮರ ದಾರಿ ತೋರಿಸುವುದು ಎಂದೊಡನೆ ನನಗೆ ಮನಾಗುವಾ ನೆನಪಾಗುತ್ತದೆ. ನಿಕರಾಗುವಾ ದೇಶದ ರಾಜಧಾನಿ. ನಾನು ಆ ಊರನ್ನು ಕಂಡವನಲ್ಲ. ಆದರೆ ಅಲ್ಲಿಯವರು ವಿಳಾಸ ಹೇಳುವ ರೀತಿಯನ್ನು ಓದಿದ ದಿನ, ಸೊಪ್ಪಿನ ಹೊರೆಯ ಆ ಅಕ್ಕ ಕಣ್ಣ ಮುಂದೆ ಬಂದು ನಿಂತರು.

1972ರ ಡಿಸೆಂಬರ್ 23ರ ನಡುರಾತ್ರಿ ಕಳೆದು ಅರ್ಧ ಗಂಟೆಗೆ ಮನಾಗುವಾದಲ್ಲಿ ಭೂಮಿ ಕಂಪಿಸಿತು. ಸಾವಿರಾರು ಜನ ಸತ್ತರು, ಊರಿನ ನಡುಭಾಗ ನೆಲಸಮವಾಯಿತು. ಅದನ್ನು ಮತ್ತೆ ಮೊದಲಿನಂತೆ ಕಟ್ಟಲೇ ಇಲ್ಲ. ಜನ ಸುತ್ತಲಿನ ಬಯಲುಗಳಿಗೆ ಹೋಗಿ ನೆಲೆಸಿದರು. ಬೀದಿಗೆ ಹೆಸರು, ಮನೆಗೆ ನಂಬರು ಎಂಬ ವ್ಯವಸ್ಥೆ ಅಲ್ಲಿ ಬೇರು ಬಿಡಲಿಲ್ಲ. ಜನ ತಮಗೆ ಗೊತ್ತಿರುವ ಒಂದು ಗುರುತನ್ನು ಹಿಡಿದು ಅಲ್ಲಿಂದ ಲೆಕ್ಕ ಹಾಕುತ್ತಾರೆ: ಇಂಥ ಇಗರ್ಜಿಯಿಂದ ಎರಡು ಬೀದಿ ಕೆರೆಯ ಕಡೆಗೆ, ಒಂದು ಬೀದಿ ಕೆಳಕ್ಕೆ. ಕೆರೆಯ ಕಡೆ ಎಂದರೆ ಉತ್ತರ, ಏಕೆಂದರೆ ಸೊಲೊತ್ಲಾನ್ ಎಂಬ ದೊಡ್ಡ ಸರೋವರ ಊರಿನ ಉತ್ತರಕ್ಕಿದೆ. ಮೇಲಕ್ಕೆ ಎಂದರೆ ಪೂರ್ವ. ಕೆಳಕ್ಕೆ ಎಂದರೆ ಪಶ್ಚಿಮ. ನೆಲದ ಏರು ತಗ್ಗಿಗೂ ಇದಕ್ಕೂ ಸಂಬಂಧವಿಲ್ಲ, ಸೂರ್ಯ ಮೇಲೇಳುವ ಕಡೆ ಮೇಲೆ, ಇಳಿಯುವ ಕಡೆ ಕೆಳಗೆ. ಮೂಡು, ಪಡು! ಸ್ಪ್ಯಾನಿಷ್ ಆಡುವ ಆ ಜನಕ್ಕೂ ನಮ್ಮ ತುಳುನಾಡಿನ ಜನಕ್ಕೂ ಯಾವ ನಂಟೂ ಇಲ್ಲ. ಎರಡು ಕಡೆಯೂ ಅದೇ ಸೂರ್ಯ, ಅದನ್ನು ನೋಡಿ ಬದುಕಿದ ಅದೇ ಬಗೆಯ ಜನ, ಅಷ್ಟೇ.

ದೂರ ಸಣ್ಣದಾದರೆ ಅವರು 'ವಾರಾ' ಎನ್ನುತ್ತಾರೆ. ಗಜಕ್ಕಿಂತ ತುಸು ಚಿಕ್ಕದಾದ ಹಳೆಯ ಸ್ಪ್ಯಾನಿಷ್ ಅಳತೆ. ನಮ್ಮ ಮಾರು, ಮೊಳಗಳ ಹಾಗೆ ಅದೂ ಜನರ ಬಾಯಲ್ಲಿ ಉಳಿದುಕೊಂಡಿದೆ. ಇದೆಲ್ಲಕ್ಕಿಂತ ನನ್ನನ್ನು ಕಲಕಿದ್ದು ಬೇರೆ. ಅವರು ಹಿಡಿಯುವ ಎಷ್ಟೋ ಗುರುತುಗಳು ಈಗ ಅಲ್ಲಿ ಇಲ್ಲ. "ಆರ್ಬೊಲಿತೊ ಇದ್ದಲ್ಲಿಂದ" ಎಂದು ಹೇಳುತ್ತಾರೆ. ಆರ್ಬೊಲಿತೊ ಎಂದರೆ ಪುಟ್ಟ ಮರ. ಆ ಮರ ಹೋಗಿ ಎಷ್ಟೋ ಕಾಲವಾಯಿತು. ಭೂಕಂಪದಲ್ಲಿ ಬಿದ್ದ ಕಟ್ಟಡಗಳು, ಮುಚ್ಚಿಹೋದ ಅಂಗಡಿಗಳು, ಎಲ್ಲವೂ ವಿಳಾಸದೊಳಗೆ ಇನ್ನೂ ನಿಂತಿವೆ. ಆ ಮೇಲೆ ಹುಟ್ಟಿದ ಮಕ್ಕಳೂ ಕಾಣದ ಮರದಿಂದ ಬೀದಿ ಎಣಿಸುವುದನ್ನು ಕಲಿಯುತ್ತಾರೆ. ಲಕೋಟೆಯ ಮೇಲೆ ಹಾಗೆಯೇ ಬರೆದರೆ ಕಾಗದ ತಲುಪುತ್ತದೆ. ಸತ್ತ ಊರನ್ನು ಬದುಕಿರುವ ಊರಿನೊಳಗೆ ಇಷ್ಟು ಜತನವಾಗಿ ಇಟ್ಟುಕೊಂಡ ಬೇರೆ ಜನರನ್ನು ನಾನು ಅರಿಯೆ.

ಬೆಂಗಳೂರಿನಲ್ಲೂ ಇದು ಇಲ್ಲದಿಲ್ಲ. ಮಿನರ್ವ ಟಾಕೀಸು ಹೋಗಿದೆ, ಮಿನರ್ವ ಸರ್ಕಲ್ಲು ಇದೆ. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು, ಕಂಡಕ್ಟರು ಇವತ್ತಿಗೂ "ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್" ಎಂದೇ ಕೂಗುತ್ತಾನೆ. ಜನ ಇಳಿಯುತ್ತಾರೆ, ಯಾರೂ ದಾರಿ ತಪ್ಪುವುದಿಲ್ಲ.

ದಿಕ್ಕನ್ನು ಮೈಯಲ್ಲೇ ಇಟ್ಟುಕೊಂಡವರಲ್ಲಿ ಎಲ್ಲರಿಗಿಂತ ಹೆಸರಾದವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಗೂಗು ಯಿಮಿದಿರ್ ಜನ. 1770ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗು ಅವರ ನದಿಯ ದಂಡೆಯಲ್ಲಿ ತಂಗಿದಾಗ ಕಾಂಗರೂ ಎಂಬ ಮಾತು ಜಗತ್ತಿಗೆ ಸಿಕ್ಕಿದ್ದು ಅವರ ಭಾಷೆಯಿಂದಲೇ. ಅವರ ಮಾತಿನಲ್ಲಿ ಯಾವ ವಸ್ತುವೂ ಎಡಕ್ಕೋ ಬಲಕ್ಕೋ ಇರುವುದಿಲ್ಲ, ನಾಲ್ಕು ದಿಕ್ಕುಗಳಲ್ಲಿ ಒಂದಕ್ಕೆ ಇರುತ್ತದೆ. ಭಾಷಾಶಾಸ್ತ್ರಜ್ಞ ಜಾನ್ ಹ್ಯಾವಿಲ್ಯಾಂಡ್ ಅಲ್ಲಿಯ ಹಿರಿಯರೊಬ್ಬರು ದೋಣಿ ಮಗುಚಿದ ಕಥೆ ಹೇಳುವುದನ್ನು ಚಿತ್ರೀಕರಿಸಿಕೊಂಡಿದ್ದರು. ಎರಡು ವರ್ಷಗಳ ನಂತರ ಸ್ಟೀಫನ್ ಲೆವಿನ್ಸನ್ ಅದೇ ಕಥೆಯನ್ನು ಮತ್ತೆ ಹೇಳಿಸಿದರು. ಮೊದಲ ಸಲ ಒಂದು ದಿಕ್ಕಿಗೆ ಮುಖ ಮಾಡಿ ಕೂತಿದ್ದ ಹಿರಿಯರು ಎರಡನೆಯ ಸಲ ಕೂತದ್ದು ಬೇರೆ ದಿಕ್ಕಿಗೆ. ದೋಣಿ ಮಗುಚಿದ್ದನ್ನು ತೋರಿಸಿದ ಕೈ ಮಾತ್ರ ಎರಡು ಸಲವೂ ನಿಜವಾಗಿ ಅದು ಮಗುಚಿದ ದಿಕ್ಕಿಗೇ ಹೊರಳಿತು. ಮೋಡದ ಕೆಳಗೆ ನಿಂತು ತೆಂಕಿಗೆ ತಿರುಗಿದ ಆ ಅಕ್ಕನ ಮೈ ಇದನ್ನು ಓದಿದಾಗ ನನಗೆ ಇನ್ನಷ್ಟು ಅರ್ಥವಾಯಿತು. ದಿಕ್ಕು ಯಾವುದೆಂದು ಅವರು ಹುಡುಕಿರಲಿಲ್ಲ, ಗೊತ್ತಿತ್ತು. ನಾವು ನಮ್ಮ ಕಾಲು ಎಲ್ಲಿದೆ ಎಂದು ಹುಡುಕುತ್ತೇವೆಯೇ?

ಹವಾಯಿಯಲ್ಲಿ ಬೆಟ್ಟದ ಕಡೆಗೆ, ಕಡಲ ಕಡೆಗೆ ಎಂದು ದಾರಿ ಹೇಳುತ್ತಾರೆ, ಬಾಲಿಯಲ್ಲೂ ಹಾಗೆಯೇ. ಘಟ್ಟಕ್ಕೂ ಕಡಲಿಗೂ ನಡುವೆ ಬದುಕಿದ ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೈ ತೋರಿಸುವುದರಲ್ಲೂ ಮರ್ಯಾದೆ ಇದೆ. ಎಡಗೈಯಲ್ಲಿ ದಾರಿ ತೋರಿಸಿದರೆ ನಮ್ಮಜ್ಜಿ ಕೈ ಹಿಡಿದು ಇಳಿಸುತ್ತಿದ್ದಳು. ಘಾನಾ ದೇಶದಲ್ಲಿ ಇದು ಇನ್ನೂ ಬಿಗಿ. ಎಡಗೈ ಎತ್ತಿ ತೋರಿಸುವುದು ಎದುರಿನವರಿಗೆ ಮಾಡುವ ಅವಮಾನ. ಸೋತಾರೊ ಕಿತಾ ಮತ್ತು ಜೇಮ್ಸ್ ಎಸೆಗ್ಬೆ ಎಂಬ ಇಬ್ಬರು ಅಲ್ಲಿ ದಾರಿಹೋಕರನ್ನು ದಾರಿ ಕೇಳಿ ನೋಡಿದ್ದಾರೆ. ಎಡಕ್ಕೆ ತಿರುಗಿ ಎಂದು ಹೇಳಬೇಕಾದಾಗ ಎಡಗೈಯನ್ನು ಬೆನ್ನ ಹಿಂದೆ ಸೊಂಟಕ್ಕೆ ಒತ್ತಿ ಹಿಡಿದು, ಬಲಗೈಯನ್ನೇ ಎದೆಯ ಅಡ್ಡಕ್ಕೆ ಕಷ್ಟಪಟ್ಟು ಚಾಚಿ ತೋರಿಸುವವರನ್ನು ಕಂಡಿದ್ದಾರೆ. ಹೆಸರೂ ಗೊತ್ತಿಲ್ಲದ, ಇನ್ನೊಮ್ಮೆ ಕಾಣದ ಪರವೂರಿನವನಿಗೆ ಇಷ್ಟು ಗೌರವ! ನನಗೆ ಇದು ಸಣ್ಣ ಸಂಗತಿ ಅನ್ನಿಸುವುದಿಲ್ಲ.

ಗೊತ್ತಿಲ್ಲದಿದ್ದರೂ ಒಂದು ದಾರಿ ಹೇಳಿಬಿಡುವವರು ಇದ್ದಾರೆ, ಎಲ್ಲ ಕಡೆಯೂ ಇದ್ದಾರೆ. ಹಾಗೆ ತಪ್ಪು ದಾರಿಯಲ್ಲಿ ಬಿಸಿಲಲ್ಲಿ ನಡೆದು ನನಗೂ ಸಾಕಾಗಿದೆ. ಆದರೂ ಅವರ ಮೇಲೆ ಸಿಟ್ಟು ನಿಲ್ಲುವುದಿಲ್ಲ. ಕೇಳಿದವನನ್ನು ಬರಿಗೈಯಲ್ಲಿ ಕಳಿಸಲು ಅವರಿಗೆ ಮನಸ್ಸು ಬಾರದು. ಮನೆಯಲ್ಲಿ ಏನೂ ಇಲ್ಲದಿದ್ದರೂ ಬಂದವರಿಗೆ "ಊಟ ಮಾಡಿ ಹೋಗಿ" ಅನ್ನುವ ಜಾತಿಯ ಮಾತು ಅದು. ಇನ್ನೊಂದು ಬಗೆಯವರು ಹೇಳುವುದಕ್ಕೇ ಹೋಗುವುದಿಲ್ಲ, ಜೊತೆಗೇ ಹೊರಟುಬಿಡುತ್ತಾರೆ. ವಿಜಯಪುರದ ಕಡೆಯ ಒಂದು ಹಳ್ಳಿಯಲ್ಲಿ, "ಅಗಸಿ ದಾಟಿ ಎಡಕ್ಕ ಹೊಳ್ರಿ" ಎಂದು ಶುರು ಮಾಡಿದ ಹಿರಿಯರು ಮಾತನ್ನು ಅಲ್ಲೇ ಬಿಟ್ಟು, "ಬರ್ರಿ, ನಾನೂ ಅತ್ತಾಗ ಹೊಂಟೀನಿ" ಎಂದು ರುಮಾಲು ಸರಿಮಾಡಿಕೊಂಡು ಎದ್ದರು. ಅವರು ಅತ್ತಾಗ ಹೊರಟಿರಲಿಲ್ಲ. ನಾನು ಹೋಗಬೇಕಾದ ಮನೆಯ ಕಟ್ಟೆ ಮುಟ್ಟಿಸಿ ಬಂದ ದಾರಿಯಲ್ಲೇ ತಿರುಗಿ ನಡೆದರು.

ಈಗ ಫೋನು ದಾರಿ ಹೇಳುತ್ತದೆ. ನಾನೂ ಬಳಸುತ್ತೇನೆ, ರಾತ್ರಿಯ ಹೊತ್ತು ಗುರುತಿಲ್ಲದ ಊರಿನಲ್ಲಿ ಅದು ದೊಡ್ಡ ಆಸರೆ. ಆದರೆ ಬಾಯಿ ಬಿಟ್ಟು ಕೇಳುವ ಅಭ್ಯಾಸ ತಪ್ಪುತ್ತಿರುವುದು ನನಗೆ ಬೇಸರ ತರುತ್ತದೆ. ದಾರಿ ಕೇಳಿದಾಗ ಎದುರಿನವರು ತಮ್ಮ ಊರನ್ನು ತಾವು ಹೇಗೆ ಕಂಡಿದ್ದಾರೋ ಹಾಗೆ ಎತ್ತಿ ನಮ್ಮ ಕೈಗಿಡುತ್ತಾರೆ: ಯಾವ ಮರ ಅವರಿಗೆ ದೊಡ್ಡದು, ಯಾವ ತೋಡು ಮಳೆಗಾಲದಲ್ಲಿ ಅಪಾಯ, ಯಾವ ಮನೆಯ ನಾಯಿ ಕಚ್ಚುತ್ತದೆ.

ಕಳೆದ ವರ್ಷ, ಅದೇ ಆಟಿಯಲ್ಲಿ, ಆ ಕಡೆ ಮತ್ತೆ ಹೋಗಿದ್ದೆ. ಬಸ್ಸು ತಿರುಗುತ್ತಿದ್ದ ಜಾಗದಲ್ಲಿ ಈಗ ನಾಲ್ಕು ಅಂಗಡಿಗಳಿವೆ. ಫೋನು ಜೇಬಿನಲ್ಲೇ ಇತ್ತು. ಅಂಗಡಿಯ ಮುಂದೆ ಬೈಕು ಒರೆಸುತ್ತಿದ್ದ ಹುಡುಗನನ್ನು ಕೇಳಿದೆ.

"ಹೀಗೇ ತೆಂಕು ಹೋಗಿ. ಸಂಕ ದಾಟಿ ಮೂಡಕ್ಕೆ."

ಹೋದೆ. ಸಂಕ ಇರಲಿಲ್ಲ. ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಕಟ್ಟಿದ್ದ ಆ ಸಂಕದ ಜಾಗದಲ್ಲಿ ಕಾಂಕ್ರೀಟಿನ ಮೋರಿ, ಅದರ ಮೇಲೆ ಡಾಂಬರು ರಸ್ತೆ. ಹುಡುಗನಿಗೆ ಇಪ್ಪತ್ತು ದಾಟಿರಲಾರದು. ಅವನು ಆ ಸಂಕವನ್ನು ಕಂಡಿದ್ದಾನೋ ಇಲ್ಲವೋ. ಮೋರಿಯ ಮೇಲೆ ನಿಂತು, ಮೊದಲು ತೆಂಕಿಗೆ ಮುಖ ಮಾಡಿದೆ. ಎಡಗೈಯ ಕಡೆಗೆ ಹೊರಟೆ. ಅಶ್ವತ್ಥಕಟ್ಟೆ ಅಲ್ಲೇ ಇತ್ತು.

ಮನೆಯ ಯಜಮಾನರಿಗೆ ನನ್ನ ಗುರುತು ಹತ್ತಲಿಲ್ಲ. ಆದರೂ ಒಳಗಿನಿಂದ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ಬಂತು. ಜಗಲಿಯಲ್ಲಿ ಕೂತು ಮಾತು ಶುರುವಾಗುವಷ್ಟರಲ್ಲಿ ಮಳೆ ಮತ್ತೆ ಹಿಡಿಯಿತು, ಗಾಳಿಗೆ ಎರಚಲು ಒಳಗೆ ಹೊಡೆಯಿತು.

"ಅಲ್ಲಿ ಒದ್ದೆಯಾಗ್ತದೆ, ಸ್ವಲ್ಪ ಮೂಡು ಬದಿಗೆ ಬನ್ನಿ" ಅಂದರು.

ಚೊಂಬು ಎತ್ತಿಕೊಂಡು ಮೂಡಕ್ಕೆ ಸರಿದು ಕೂತೆ.