ತಿಳಿಹಸುರು ಗೋಡೆಯ ಮಲೆನಾಡಿನ ಮನೆ

ಇಕ್ಕೇರಿಯ ಅಘೋರೇಶ್ವರನನ್ನು ಕಂಡು ಜೋಗದತ್ತ ಧಾವಿಸುವ ಪ್ರವಾಸಿಗರಿಗೆ ಸಾಗರ ಸೀಮೆಯ ಮನೆಗಳನ್ನು ನೋಡುವಷ್ಟು ವ್ಯವಧಾನವಿರುವುದಿಲ್ಲ. ನಾವು ಆಷಾಢದ ಮಳೆಯಲ್ಲಿ ಅಲ್ಲಿಯ ಬಂಧುಗಳೊಬ್ಬರ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆವು. ಹೊರಗೆ ಕಾಲಿಡಲು ಆಸ್ಪದವಿಲ್ಲದೆ ಗೋಡೆಗಳನ್ನೇ ನೋಡುತ್ತ ಕುಳಿತೆವು. ಅದರಿಂದ ನಷ್ಟವೇನೂ ಆಗಲಿಲ್ಲ.

ಆ ಮನೆಯ ಮಾಡು ಬಹಳ ತಗ್ಗು. ಮಣ್ಣಿನ ಗೋಡೆಗಳಿಗೆ ಎರಚಲು ಬಡಿಯದಂತೆ ಮಳೆಗಾಲದಲ್ಲಿ ಅಡಕೆಯ ಸೋಗೆಯ ತಟ್ಟಿಯನ್ನು ಕಟ್ಟುವರು. ಆದಕಾರಣ ನಡುಹಗಲಿನಲ್ಲಿಯೂ ಒಳಗೆ ಸಂಜೆಯ ಮಬ್ಬು. ಇಂತಹ ಮನೆಗೆ ಕೆಮ್ಮಣ್ಣು ಬಳಿದರೆ ಇದ್ದ ಬೆಳಕೂ ಇಂಗಿಹೋದೀತು. ಅಚ್ಚ ಬಿಳಿಯೋ, ಒಲೆಯ ಹೊಗೆಯನ್ನೂ ತೇವದ ಕಲೆಯನ್ನೂ ಎರಡೇ ತಿಂಗಳಲ್ಲಿ ಸಾರಿ ಹೇಳುವುದು. ಅಲ್ಲಿಯ ಪಡಸಾಲೆಯ ಗೋಡೆ ತಿಳಿಹಸುರು. ಬಾಳೆಯ ಸುಳಿಯ ಬಣ್ಣಕ್ಕೆ ನೀಲಿಯ ಹನಿಯೊಂದು ಬೆರೆತಂತೆ. ಕಪ್ಪುಗಟ್ಟಿದ ಮರದ ಕಂಬಗಳ ನಡುವೆ ಅದು ಅಂಗಳದಿಂದ ಬಂದ ಅಲ್ಪ ಬೆಳಕನ್ನು ಹಿಡಿದಿಟ್ಟುಕೊಂಡಿತ್ತು.

ಈ ಬಣ್ಣವು ಅಲ್ಲಿಗೆ ತೋಟದಿಂದ ಬಂದುದು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗವನ್ನು ಕುರಿತು 1910ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದ ಬಳಿಕ ಮಲೆನಾಡಿನ ತೋಟಗಳಲ್ಲಿ ಬೋರ್ಡೋ ಮದ್ದು ಬಳಕೆಗೆ ಬಂದಿತು: 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, ಅಷ್ಟೇ ಸುಣ್ಣ. ಮದ್ದು ತಾಗಿದ ಗೊನೆಯೂ ಕೆಲಸದವರ ಅಂಗಿಯೂ ಒಂದೇ ಬಣ್ಣವಾಗುವುದನ್ನು ಕಂಡ ಗೃಹಿಣಿಯರಿಗೆ ಗೋಡೆಯ ನೆನಪಾಗದಿದ್ದೀತೆ?

ಮನೆಯ ಅಜ್ಜಿಯವರು ಕ್ರಮವನ್ನು ಹೇಳಿದರು. ನೆನೆದ ಸುಣ್ಣವನ್ನು ತೆಳುಬಟ್ಟೆಯಲ್ಲಿ ಸೋಸಬೇಕು. ಮೈಲುತುತ್ತವನ್ನು ಮಣ್ಣಿನ ಪಾತ್ರೆಯಲ್ಲಿಯೇ ಕರಗಿಸಬೇಕು. ಕಬ್ಬಿಣದ ಬಾನಿಯಲ್ಲಿ ಹಾಕಿದರೆ ತಾಮ್ರವೆಲ್ಲ ಬಾನಿಗೇ ಹತ್ತಿ ನೀರು ಕೆಡುವುದು. ಕರಗಿದ ನೀರನ್ನು ಸುಣ್ಣಕ್ಕೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ, ಮೂಲೆಯಲ್ಲಿ ಬಳಿದು, ಒಣಗುವ ತನಕ ಕಾಯಬೇಕು. ಹಸಿಯಲ್ಲಿ ಕಂಡ ಬಣ್ಣವನ್ನು ನಂಬಬಾರದು. ಒಣಗಿದ ಮೇಲೆ ತಿಳಿಯಾಗುವುದು. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ, ಮಕ್ಕಳಿಗೆ ಎಟಕಿಸಬಾರದು. ಯೂರೋಪಿನಲ್ಲಿ ಇದಕ್ಕಿಂತ ಕೆಟ್ಟುದಾಗಿತ್ತು. 1775ರಲ್ಲಿ ಸ್ವೀಡನ್ನಿನ ರಸಾಯನಜ್ಞ ಷೀಲೆ ಪಾಷಾಣವನ್ನು ಸೇರಿಸಿ ಮಾಡಿದ ಹಸುರು ಮುಂದಿನ ಶತಮಾನದಲ್ಲಿ ಗೋಡೆಕಾಗದಗಳಿಗೆಲ್ಲ ಹರಡಿ, ಜನರ ಕಾಯಿಲೆಗಳಿಗೆ ಕಾರಣವೆಂಬ ಅಪವಾದವನ್ನು ಹೊತ್ತಿತು.

ಬರುವ ವೈಶಾಖದಲ್ಲಿ ಆ ಮನೆಯಲ್ಲಿ ಮದುವೆ. ತಂಗಿಯ ಮದುವೆಗೆ ಪ್ಲಾಸ್ಟಿಕ್ ಬಣ್ಣವನ್ನೇ ಬಳಿಸಬೇಕೆಂದು ಮೊಮ್ಮಗನ ಹಟ. ಒರೆಸಿದರೆ ಕಲೆ ಹೋಗುವುದು, ವರ್ಷವರ್ಷವೂ ಬಳಿಯುವ ತಾಪತ್ರಯವಿಲ್ಲ. ಆತನ ಮಾತು ಸುಳ್ಳಲ್ಲ. ಆದರೆ ಮಣ್ಣಿನ ಗೋಡೆಯು ನೆಲದಿಂದ ಹೀರಿದ ತೇವವನ್ನು ಸುಣ್ಣ ಹೊರಗೆ ಬಿಡುತ್ತದೆ, ಪ್ಲಾಸ್ಟಿಕ್ ಬಣ್ಣ ಬಿಡುವುದಿಲ್ಲ. ಬಚ್ಚಲ ಪಕ್ಕದ ಗೋಡೆಯಲ್ಲಿ ಆ ಬಣ್ಣ ಬೊಬ್ಬೆಯೆದ್ದು, ಹಪ್ಪಳದಂತೆ ಕಳಚಿ, ಮಣ್ಣನ್ನೂ ಎಳೆದುಕೊಂಡು ಬಿದ್ದುದನ್ನು ಅಜ್ಜಿಯವರು ನಮ್ಮನ್ನು ಕರೆದೊಯ್ದು ತೋರಿಸಿದರು.

“ತಮ್ಮಾ, ನಿನ್ನ ಬಣ್ಣ ಒಂದು ಮಳೆಗಾಲ ತಾಳಲಿಲ್ಲ. ಸುಣ್ಣ ಬಳಿಯುವ ಕೂಲಿಯನ್ನು ನಾನೇ ಕೊಡುತ್ತೇನೆ” ಎಂದರು.

ಕಡೆಗೆ ಸಿಮೆಂಟಿನ ಹೊಸ ಕೋಣೆಗೆ ಡಬ್ಬಿಯ ಬಣ್ಣವೆಂದೂ ಪಡಸಾಲೆಗೂ ಜಗಲಿಗೂ ಮೈಲುತುತ್ತದ ಸುಣ್ಣವೆಂದೂ ತೀರ್ಮಾನವಾಯಿತು. ಎರಡೂ ಹಸುರು ಒಂದಕ್ಕೊಂದು ಹೊಂದಬೇಕೆಂದು ಮೊಮ್ಮಗನು ಪಡಸಾಲೆಯ ಗೋಡೆಯಿಂದ ಸುಣ್ಣದ ಚಕ್ಕೆಯೊಂದನ್ನು ಎಬ್ಬಿಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡು, ಮಳೆ ಹೊಳವಾದೊಡನೆ ಸಾಗರದ ಪೇಟೆಗೆ ಹೊರಟನು.